ಬೇರಿಂಗಿನ ಮೇಲೊಂದು ಹೆಬ್ಬೆಟ್ಟು

ಹದಿನೇಳು ಗೆರೆಗಳಿವೆ. ಐದನೆಯದು ನಡುವೆ ತುಂಡಾಗಿ, ಕೂದಲೆಳೆಯಷ್ಟು ಜಾಗ ಬಿಟ್ಟು, ಏನೂ ಆಗಿಲ್ಲವೆಂಬಂತೆ ಮತ್ತೆ ಮುಂದುವರಿದಿದೆ. ಬಣ್ಣ ಹಳೆಯ ಬೆಲ್ಲದ್ದು.

ಕಾಗದ ಹಾರದಿರಲೆಂದು ನನ್ನ ಮೇಜಿನ ಮೇಲೆ ಇಟ್ಟುಕೊಂಡಿರುವ ಒಂದು ಬೇರಿಂಗಿನ ಹೊರಮೈ ಮೇಲೆ ಈ ಗೆರೆಗಳಿವೆ. ಉಳಿದ ಮೈಯೆಲ್ಲ ಕನ್ನಡಿ. ಆ ಒಂದು ಜಾಗದಲ್ಲಿ ಮಾತ್ರ, ಸಹಿ ಮಾಡಲು ಬಾರದ ಯಾರೋ ತುಕ್ಕಿನಲ್ಲಿ ಹೆಬ್ಬೆಟ್ಟು ಒತ್ತಿ ಹೋದಂತಿದೆ. ಬಂದವರು ಕೈಯಲ್ಲಿ ಹಿಡಿದು ತಿರುಗಿಸಿ, "ಕೆಟ್ಟಿದ್ದನ್ನ ಯಾಕ ಇಟ್ಟೀರಿ?" ಎಂದು ಕೇಳುತ್ತಾರೆ. ತೂಕಕ್ಕೆ ಚೆನ್ನಾಗಿದೆ ಎನ್ನುತ್ತೇನೆ. ನಾನು ಅದಕ್ಕೆ ಎಣ್ಣೆ ಹಚ್ಚುವುದಿಲ್ಲ. ಆದರೂ ಪ್ರತಿ ಸೋಮವಾರ ಅದರ ಮೇಲೆ ತೆಳ್ಳಗೆ ಎಣ್ಣೆ ಇರುತ್ತದೆ. ಯಾರು ಹಚ್ಚುತ್ತಾರೆಂದು ನಾನು ಕೇಳಿಲ್ಲ.

ನಮ್ಮದು ರಾಣೆಬೆನ್ನೂರಿನಲ್ಲಿ, ಹಲಗೇರಿ ರಸ್ತೆಗೆ ಹೊಂದಿಕೊಂಡಿರುವ ಸಣ್ಣ ವರ್ಕ್‌ಶಾಪ್. ಅಪ್ಪ ಶುರು ಮಾಡಿದ್ದು. ದೊಡ್ಡ ಯಂತ್ರಗಳ ಸ್ಪಿಂಡಲ್ ರಿಪೇರಿ ಮಾಡುತ್ತೇವೆ. ಮದುವೆ ಮನೆಗಳಲ್ಲಿ ಯಾರಾದರೂ ನನ್ನ ಕೆಲಸ ಕೇಳಿದರೆ "ಮಷೀನ್ ರಿಪೇರಿ" ಎಂದು ಹೇಳಿ ಮುಗಿಸುತ್ತೇನೆ. ಒಮ್ಮೆ ದೂರದ ಸೋದರತ್ತೆಯೊಬ್ಬರು, "ಹಂಗಾರ ನಮ್ಮ ಹೊಲಿಗಿ ಮಷೀನ್ ದಾರಾ ಕಡಿಯಾಕತ್ತೈತಿ, ನೋಡಿ ಕೊಡವಾ" ಎಂದರು. ಸ್ಪಿಂಡಲ್ ಎಂದರೇನೆಂದು ವಿವರಿಸುವುದಕ್ಕಿಂತ ಅದೇ ಸುಲಭವೆನ್ನಿಸಿ, ಹೋಗಿ ನೋಡಿ ಕೊಟ್ಟು ಬಂದೆ.

ನಿಮಗೆ ಮಾತ್ರ ವಿವರಿಸುತ್ತೇನೆ; ನೀವು ಹೊಲಿಗೆ ಯಂತ್ರ ತಂದಿಲ್ಲ. ಲೇತಿನಲ್ಲೋ ಕೊರೆಯುವ ಯಂತ್ರದಲ್ಲೋ ಗಿರ್ರನೆ ತಿರುಗುವ ನಡುವಿನ ಅಚ್ಚೇ ಸ್ಪಿಂಡಲ್. ಅದನ್ನು ಹಿಡಿದಿರುವ ಬೇರಿಂಗುಗಳಲ್ಲಿ ಗುಂಡುಗಳು ನೇರವಾಗಿ ಕುಳಿತಿರುವುದಿಲ್ಲ. ಓರೆಯಾಗಿ, ಒಂದು ಕಡೆಗೆ ಒರಗಿ ಕುಳಿತಿರುತ್ತವೆ. ಆದ್ದರಿಂದ ಅವು ಒಂದೇ ದಿಕ್ಕಿನ ನೂಕನ್ನು ತಡೆಯುತ್ತವೆ. ಇನ್ನೊಂದು ದಿಕ್ಕಿಗೆ ಇನ್ನೊಂದು ಬೇರಿಂಗು ಬೇಕು. ಹೀಗಾಗಿ ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತೇವೆ, ಕಟ್ಟೆಯ ಮೇಲೆ ಇಬ್ಬರು ಮುದುಕರು ಬೆನ್ನು ಹಚ್ಚಿ ಕುಳಿತಂತೆ. ಒಬ್ಬರು ಎದ್ದರೆ ಇನ್ನೊಬ್ಬರು ಬೀಳುತ್ತಾರೆ. ಜೋಡಿಯನ್ನು ಕಾರ್ಖಾನೆಯಲ್ಲೇ ಹೊಂದಿಸಿ, ಹೊರಮೈ ಮೇಲೆ ಬಾಣದ ಮೊನೆಯಂಥ ಗೀಟು ಹಾಕಿ ಕಳಿಸುತ್ತಾರೆ. ಆ ಗೀಟು ಕೂಡಬೇಕು, ಧೂಳು ಸೇರಬಾರದು, ಬರಿಗೈ ತಾಗಬಾರದು. ಇಷ್ಟೇ ಶಾಸ್ತ್ರ.

ಬರಿಗೈ ಎಂದೆನಲ್ಲ, ಆ ವಿಷಯಕ್ಕೆ ಬರಲು ನನಗೆ ಯಾವಾಗಲೂ ತಡವಾಗುತ್ತದೆ.

ನನ್ನ ಅಂಗೈ ಬೆವರುತ್ತದೆ. ಈ ಮೂರು ಶಬ್ದ ಬರೆಯಲು ಇಪ್ಪತ್ತೇಳು ವರ್ಷ ಹಿಡಿದಿದೆ. ಸಾಲೆಯಲ್ಲಿ ಹುಡುಗಿಯರು ಕೈಗೆ ಕೈ ಹೆಣೆದು ಫುಗಡಿ ಆಡುವಾಗ ನನ್ನ ಜೊತೆಗೆ ಯಾರೂ ನಿಲ್ಲುತ್ತಿರಲಿಲ್ಲ. ನಾಲ್ಕನೆಯ ಸುತ್ತಿಗೇ ಹಿಡಿತ ಜಾರಿ ಎದುರಿನವಳು ಹೋಗಿ ಬೇವಿನ ಗಿಡಕ್ಕೆ ಬಡಿಯುತ್ತಿದ್ದಳು. ನನ್ನನ್ನು ಸುತ್ತು ಎಣಿಸಲು ನಿಲ್ಲಿಸಿದರು. ಈಗಲೂ ಹೊಟ್ಟೆಪಾಡಿಗೆ ಸುತ್ತನ್ನೇ ಎಣಿಸುತ್ತಿದ್ದೇನೆ. ಪರೀಕ್ಷೆಯಲ್ಲಿ ಅಂಗೈ ಕೆಳಗೆ ಕರವಸ್ತ್ರ ಹಾಸಿಕೊಂಡೇ ಬರೆಯುತ್ತಿದ್ದೆ. ಒಬ್ಬ ಮಾಸ್ತರರು ಅದರಲ್ಲಿ ಚೀಟಿ ಇದೆಯೆಂದು ಬಿಡಿಸಿ ನೋಡಿ, "ಇದೇನವಾ, ಈಗ ಒಗದು ತಂದೀಯೇನು?" ಎಂದರು. ಇಡೀ ಕೋಣೆ ನಕ್ಕಿತು. ಕಾಲೇಜಿನ ಹಾಜರಿ ಯಂತ್ರ ನಾಲ್ಕು ವರ್ಷದಲ್ಲಿ ನನ್ನ ಹೆಬ್ಬೆರಳನ್ನು ಬೆರಳೆಣಿಕೆಯಷ್ಟು ದಿನ ಮಾತ್ರ ಒಪ್ಪಿತು. ಯಾರಾದರೂ ಕೈ ಕುಲುಕಲು ಕೈ ಚಾಚಿದರೆ ತಟ್ಟನೆ ಎರಡೂ ಕೈ ಜೋಡಿಸಿಬಿಡುತ್ತೇನೆ. ಇದರಿಂದ ನನಗೆ ಬಹಳ ಸಂಸ್ಕಾರವಂತೆ ಎಂಬ ಹೆಸರು ಬಂದಿದೆ. ಆ ಹೆಸರನ್ನು ನಾನು ತಿದ್ದಲು ಹೋಗಿಲ್ಲ.

ನನ್ನ ಹಾಗೆಯೇ ಯಂತ್ರಗಳು ಒಪ್ಪದ ಇನ್ನೊಂದು ಹೆಬ್ಬೆರಳು ನಮ್ಮ ವರ್ಕ್‌ಶಾಪಿನಲ್ಲಿತ್ತು. ಅದು ದಾವಲ ಕಾಕಾನದು.

ದಾವಲಸಾಬ ಕಾಕಾ ಅಪ್ಪನ ಜೊತೆ ಮೊದಲ ದಿನದಿಂದಲೂ ಇರುವ ಮೇಸ್ತ್ರಿ. ಬ್ಯಾಡಗಿಯಲ್ಲಿ ಮಗಳ ಮನೆ. ದಿನಾಲು ಅಲ್ಲಿಂದ ಬಸ್ಸಿಗೆ ಬರುತ್ತಾರೆ. ಎರಡು ಬೇರಿಂಗಿನ ನಡುವೆ ಕೂರುವ ತೆಳು ರಿಂಗನ್ನು ಗಾಜಿನ ಹಲಗೆಯ ಮೇಲೆ ಪೇಸ್ಟು ಹಾಕಿ ತಿಕ್ಕಿ ತಿಕ್ಕಿ ಒಂದೆರಡು ಮೈಕ್ರಾನ್ ಇಳಿಸುವುದು ಅವರ ಕೆಲಸ. ಕೂದಲಿನ ದಪ್ಪದಲ್ಲಿ ಐವತ್ತನೇ ಪಾಲು ಎಂದುಕೊಳ್ಳಿ. ಉಕ್ಕು ಸವೆದಷ್ಟೂ ಅವರ ಬೆರಳೂ ಸವೆದು, ತುದಿಗಳು ಹುಣಸೆ ಬೀಜದಂತೆ ನುಣುಪಾಗಿವೆ. "ರೇಶನ್ ಅಂಗಡ್ಯಾಗ ಹತ್ತೂ ಬೆರಳ ಇಟ್ಟು ನೋಡಿದೆ ತಂಗಿ," ಎಂದು ಒಮ್ಮೆ ಚಹಾ ಕುಡಿಯುವಾಗ ಹೇಳಿದ್ದರು. "ಒಂದೂ ಗೆರಿ ಬರವಲ್ದು. ಅಂಗಡಿಯಾಂವ ಅಂತಾನ, ಸಾಹೇಬ್ರ, ನೀವು ಖರೇನ ಅದೀರೋ ಇಲ್ಲೋ ಮೊದಲ ಅದನ್ನ ಹೇಳ್ರಿ!"

ಕಲಿತು ಬಂದ ಮೇಲೆ ನಾನು ಮಾಡಿದ ಮೊದಲ ಸುಧಾರಣೆಯೆಂದರೆ ಬೇರಿಂಗು ಜೋಡಿಸಲು ಗಾಜಿನ ಕೋಣೆ. ಇಡೀ ಶೆಡ್ಡಿನಲ್ಲಿ ಧೂಳು ಎಲ್ಲಿ ಕಡಿಮೆ ಎಂದು ಕರಿಯ ಗಾಜಿನ ತುಂಡುಗಳನ್ನಿಟ್ಟು ವಾರಗಟ್ಟಲೆ ಪರೀಕ್ಷೆ ಮಾಡಿದೆ. ಕೊನೆಗೆ ಗೆದ್ದದ್ದು ಕಾಕಾ ಮಧ್ಯಾಹ್ನ ನಮಾಜಿಗೆ ಚಾಪೆ ಹಾಸುತ್ತಿದ್ದ ಮೂಲೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಅವರು ನನಗಿಂತ ಎಷ್ಟೋ ವರ್ಷ ಮೊದಲೇ, ಗಾಜಿನ ತುಂಡಿಲ್ಲದೆ ಕಂಡುಕೊಂಡಿದ್ದರು. ಹೇಳಲು ನನಗೆ ಸಂಕೋಚವಾಯಿತು. ಅವರೇ ಚಾಪೆ ಸುತ್ತಿ ಬಗಲಲ್ಲಿಟ್ಟುಕೊಂಡು, "ಅಲ್ಲಾ ಎಲ್ಲಾ ಕಡೆ ಅದಾನ ತಂಗಿ, ಬೇರಿಂಗಿಗೆ ಇದ ಜಾಗಾ ಬೇಕು," ಎಂದು ಬಾಗಿಲ ಬಳಿ ಹೋದರು.

ಗೋಡೆಗೆ ನನ್ನ ಒಳ್ಳೆಯ ಅಕ್ಷರದಲ್ಲಿ ಆರು ನಿಯಮ ಬರೆದು ಅಂಟಿಸಿದೆ. ಚಪ್ಪಲಿ ಹೊರಗೆ. ಗ್ಲೌಸ್ ಕಡ್ಡಾಯ. ಬ್ಯಾಡಗಿಯಿಂದ ಬಂದವರು ಅಂಗಿ ಬದಲಿಸಬೇಕು ಎಂದು ನೇರವಾಗಿ ಬರೆಯಲಾಗದೆ, 'ಹೊರಗಿನ ಉಡುಪಿಗೆ ಅವಕಾಶವಿಲ್ಲ' ಎಂದು ಬರೆದೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯಿಂದ ಯಾರೇ ಬಂದರೂ ಅವರ ಜೊತೆ ಊರೂ ಸ್ವಲ್ಪ ಬರುತ್ತದೆ. ಕಾಕಾ ಬಾಗಿಲಲ್ಲಿ ನಿಂತರೆ ನನಗೆ ಒಳಗೆ ಸೀನು. ಬಿಳಿ ಕೋಟು ತೊಡಿಸಿದೆ. ದವಾಖಾನೆಯ ಕಂಪೌಂಡರನಂತೆ ಕಂಡರು. ನಿಯಮಗಳನ್ನು ಓದಿ, "ಅಕ್ಕೋರ, ಉಸರಾಡಾಕ ಏನರ ರೂಲ್ ಐತೇನ್ರಿ?" ಎಂದರು. ಸಾಲೆಯ ಅಕ್ಕೋರನ್ನು ಕರೆದಂತೆ ನನ್ನನ್ನು ಹಾಗೆ ಕರೆದರೆ ಅವರಿಗೆ ನನ್ನ ಮಾತು ಅತಿಯಾಯಿತು ಎಂದೇ ಅರ್ಥ.

ಅವರದೊಂದು ರೂಢಿಯಿತ್ತು. ಸಂಜೆ ಕೆಲಸ ಮುಗಿದ ಮೇಲೆ ಹಳೆಯ ಪಂಚೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿ, ನಾನು ಅಳೆದಿಟ್ಟ ಬೇರಿಂಗು, ಸ್ಪಿಂಡಲ್, ಅಳತೆಯ ಸಾಮಾನು, ಕೊನೆಗೆ ನನ್ನ ಕತ್ತರಿಯವರೆಗೆ ಎಲ್ಲವನ್ನೂ ಒಮ್ಮೆ ಸವರುತ್ತಿದ್ದರು. ಅದಕ್ಕೆ 'ಎಣ್ಣಿ ಕೈ' ಎನ್ನುತ್ತಿದ್ದರು. ದೃಷ್ಟಿ ತೆಗೆದಂತೆ ಕಾಣುತ್ತಿತ್ತು. ಒಂದು ದಿನ ಭೂತಗನ್ನಡಿಯಲ್ಲಿ ನೋಡಿದಾಗ ಬೇರಿಂಗಿನ ಮೇಲೆ ಹತ್ತಿಯ ಮೂರು ಎಳೆ ಸಿಕ್ಕವು. ಏಳನೆಯ ನಿಯಮ ಬರೆದೆ: ಬಟ್ಟೆ ನಿಷಿದ್ಧ.

"ಹಂಗಾರ ಒರಸೂದು ಯಾರು?" ಎಂದರು ಕಾಕಾ.

"ಒರಸೂದ ಬ್ಯಾಡ್ರಿ ಕಾಕಾ. ಬರಿಗೈಲೆ ಮುಟ್ಟಿದ್ರ ಒರಸಬೇಕು. ನಾವು ಗ್ಲೌಸ್ ಹಾಕ್ಕೊಂಡ ಮುಟ್ಟತೀವಲ್ಲ."

ಅವರು ನನ್ನ ಕೈಗಳನ್ನು ಒಂದು ಕ್ಷಣ ನೋಡಿದರು. "ಆತು ತಂಗಿ," ಎಂದು ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಗಿನ ಲೇತಿಗೆ ಹೋದರು. ಆಮೇಲೆ ಕರೆದಾಗ ಮಾತ್ರ ಗಾಜಿನ ಖೋಲಿಯ ಬಾಗಿಲವರೆಗೆ ಬರುತ್ತಿದ್ದರು.

ಆ ಮಳೆಗಾಲದಲ್ಲಿ ಹಾವೇರಿಯ ಒಂದು ಸಣ್ಣ ಕಾರ್ಖಾನೆಯ ಸ್ಪಿಂಡಲ್ ರಿಪೇರಿ ಮಾಡಿ ಕೊಟ್ಟೆವು. ಜೊತೆಗೆ ಮುಂದೆ ಬೇಕಾದೀತೆಂದು ಇನ್ನೊಂದು ಜೋಡಿ ಬೇರಿಂಗು ಅಳೆದು, ಮತ್ತೆ ಪ್ಯಾಕು ಮಾಡಿ ಕಳಿಸಿದೆ. ಅಳೆಯುವಾಗ ನಾನು ಒಂದು ಕೆಲಸ ಮಾಡುತ್ತಿದ್ದೆ. ಗ್ಲೌಸ್ ಹಾಕಿಕೊಂಡು ಬರೆದರೆ ನನ್ನ ಅಕ್ಷರ ಕೆಡುತ್ತದೆ. ಆದ್ದರಿಂದ ನೋಟುಬುಕ್ಕಿನಲ್ಲಿ ಅಂಕಿ ಬರೆಯುವಾಗ ಬಲಗೈ ಗ್ಲೌಸ್ ತೆಗೆಯುತ್ತಿದ್ದೆ. ಬರೆಯುತ್ತಾ ಬೇರಿಂಗಿನ ಮೇಲಿನ ನಂಬರು ಬೆಳಕಿಗೆ ಕಾಣದಿದ್ದರೆ ಅದನ್ನು ಒಂಚೂರು ತಿರುಗಿಸಬೇಕಲ್ಲ. ನಾಲ್ಕು ಬೆರಳನ್ನು ಮೇಲೆತ್ತಿ ಹೆಬ್ಬೆರಳಿನಿಂದ ಮಾತ್ರ ತಿರುಗಿಸುತ್ತಿದ್ದೆ. ನಾಲ್ಕು ಬೆರಳು ಮುಟ್ಟಿಲ್ಲವಲ್ಲ ಎಂಬ ನೆಮ್ಮದಿ ನನಗೆ.

ಫೆಬ್ರುವರಿಯಲ್ಲಿ ಹಾವೇರಿಯಿಂದ ಕರೆ ಬಂತು. ಸ್ಪಿಂಡಲ್ಲಿನ ಬೆಲ್ಟು ಬಿಗಿ ಮಾಡುವುದಿದೆ ಎಂದು ಕಾಕಾನೂ ಚೀಲ ಹಿಡಿದು ಬಂದರು. ಅಲ್ಲಿಯ ಸಾಹೇಬರು ಹಸನ್ಮುಖಿ. ಎಂದಿನಂತೆ ಕೈ ಚಾಚಿದರು, ಎಂದಿನಂತೆ ನಾನು ಕೈ ಮುಗಿದೆ. ತಪಾಸಣೆಯ ಮೇಜಿನ ಮೇಲೆ, ಬಿಳಿ ಕಾಗದದ ಮೇಲೆ, ಆ ಜೋಡಿಯ ಒಂದು ಬೇರಿಂಗು ಇತ್ತು. ಹೊರಮೈ ಮೇಲೆ ಈ ಹೆಬ್ಬೆಟ್ಟು.

"ಮೇಡಂ, ಪ್ಯಾಕ್ ತಗದ್ರ ಹಿಂಗೈತ್ರಿ. ಇದು ಯಾರ ಕೈರಿ?" ಎಂದರು ಸಾಹೇಬರು, ನಗುತ್ತಲೇ. ಪಕ್ಕದಲ್ಲಿ ಅಲ್ಲಿಯ ಸ್ಟೋರಿನವರು, ತಪಾಸಣೆ ಮಾಡುವ ಒಬ್ಬ ಹುಡುಗಿ.

ನನ್ನ ಬಾಯಿಂದ ಮಾತು ತಡವಿಲ್ಲದೆ ಬಂತು. "ನಮ್ಮ ಹಳೇ ಮೇಸ್ತ್ರಿ ಒಬ್ರು ಅದಾರ್ರಿ. ಬರಿಗೈಲೆ ಮುಟ್ಟೂ ರೂಢಿ. ಎಷ್ಟ್ ಹೇಳಿದ್ರೂ ಬಿಡಂಗಿಲ್ಲ."

"ಹಳೇ ಮಂದಿ ಹಂಗ ಬಿಡ್ರಿ," ಎಂದು ಸ್ಟೋರಿನವರು ನಕ್ಕರು. ಹುಡುಗಿಯೂ ನಕ್ಕಳು. ಬಾಗಿಲಲ್ಲಿ ಚೀಲದೊಳಗಿನ ಸ್ಪ್ಯಾನರುಗಳು ಒಂದಕ್ಕೊಂದು ತಾಗಿದ ಸಪ್ಪಳವಾಯಿತು. ತಿರುಗಿ ನೋಡಿದೆ. ಕಾಕಾ ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

ಮರಳುವ ಬಸ್ಸಿನಲ್ಲಿ ಎಂದಿನಂತೆ ಕಿಟಕಿಯ ಜಾಗ ನನಗೆ ಬಿಟ್ಟರು. ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರಿನಲ್ಲಿ ಇಳಿಯುವಾಗ "ಬರ್ತೇನವಾ" ಎಂದರು. ಮರುದಿನ ಬರಲಿಲ್ಲ. ಮಗಳ ಮನೆಯಲ್ಲಿ ಮೆಣಸಿನಕಾಯಿ ಕೆಲಸ ಎಂದು ಅಪ್ಪನಿಗೆ ಫೋನು ಮಾಡಿದ್ದರಂತೆ. ಇಷ್ಟು ವರ್ಷಗಳಲ್ಲಿ ಮೆಣಸಿನಕಾಯಿಗಾಗಿ ಅವರು ಒಂದು ದಿನವೂ ರಜೆ ಮಾಡಿದ್ದಿಲ್ಲ.

"ದಾವಲಣ್ಣಗ ಏನರ ಅಂದೀಯೇನವಾ?" ಎಂದು ಅಪ್ಪ ಕೇಳಿದರು.

"ಇಲ್ಲಪಾ," ಎಂದೆ.

ಒಂದು ವಾರವಾಯಿತು, ಎರಡಾಯಿತು. ಮೇಜಿನ ಮೇಲೆ ಬಿಚ್ಚಿದ ಸ್ಪಿಂಡಲ್ ಕಾದಿತ್ತು. ಅದರ ತೆಳು ರಿಂಗು ಎರಡು ಮೈಕ್ರಾನ್ ಇಳಿಯಬೇಕಿತ್ತು. ಕಾಕಾನ ಗಾಜಿನ ಹಲಗೆ ತೆಗೆದು ನಾನೇ ತಿಕ್ಕಿದೆ. ಐದು ಇಳಿಯಿತು, ಅದೂ ಒಂದೇ ಬದಿಗೆ. ಇಂಜಿನಿಯರಿಂಗ್ ಓದುವಾಗ ಈ ವಿಷಯದಲ್ಲಿ ನನಗೇ ಹೆಚ್ಚು ಅಂಕ ಬಂದಿದ್ದವು.

ಕೆಲಸವಿಲ್ಲದ ಆ ದಿನಗಳಲ್ಲೇ ಹಾವೇರಿಯಿಂದ ತಂದಿದ್ದ ಬೇರಿಂಗನ್ನು ಭೂತಗನ್ನಡಿಯಲ್ಲಿ ನೋಡಿದ್ದು. ತುಕ್ಕು ಎಷ್ಟು ಆಳ ಇಳಿದಿದೆ ಎಂದು ನೋಡಲು ಹೋದವಳು ಗೆರೆ ಎಣಿಸತೊಡಗಿದೆ. ಹದಿನೇಳು. ಎಣಿಸಿ ಮುಗಿದ ಮೇಲೆ ಭೂತಗನ್ನಡಿ ಕೆಳಗಿಟ್ಟೆ. ಹತ್ತು ಬೆರಳಿಟ್ಟರೂ ಒಂದು ಗೆರೆ ಬಾರದ ಮನುಷ್ಯ ಹದಿನೇಳು ಗೆರೆ ಎಲ್ಲಿಂದ ತರಬೇಕು? ನೋಟುಬುಕ್ಕು ತೆಗೆದೆ. ಆ ಜೋಡಿ ಅಳೆದ ದಿನದ ಪುಟದಲ್ಲಿ, ಕೋಣೆಯಲ್ಲಿದ್ದವರು ಎಂಬ ಕಡೆ, ನನ್ನ ಒಳ್ಳೆಯ ಅಕ್ಷರದಲ್ಲಿ ಒಂದೇ ಹೆಸರಿತ್ತು. ಇನ್ನೂ ಸಂಶಯಕ್ಕೆ ಜಾಗ ಹುಡುಕುತ್ತಾ, ನುಣುಪಾದ ಉಕ್ಕಿನ ಗುಂಡೊಂದರ ಮೇಲೆ ಹೆಬ್ಬೆರಳು ಒತ್ತಿ, ಹಸಿ ಬಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮೂರನೆಯ ದಿನ ತೆರೆದರೆ ಹದಿನೇಳು ಗೆರೆ, ಐದನೆಯದು ತುಂಡು. ಯಾವ ಯಂತ್ರವೂ ಒಪ್ಪದ ಬೆರಳನ್ನು ಬೇರಿಂಗು ಒಪ್ಪಿಕೊಂಡಿತ್ತು.

ಭಾನುವಾರ ಬ್ಯಾಡಗಿಗೆ ಹೋದೆ. ಹೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲಿ ಕುಳಿತು ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿ ಹೊಂದಿಸಿಕೊಂಡೆ. ಊರು ಹತ್ತಿರವಾಗುತ್ತಲೇ ಸೀನು ಶುರುವಾಯಿತು. ಕಾಕಾನ ಮಗಳು ಹಸೀನಕ್ಕನ ಮನೆಯ ಮುಂದೆ ಕೆಂಪು ರಾಶಿ, ಸುತ್ತ ಹೆಂಗಸರು ಕುಳಿತು ತೊಟ್ಟು ಬಿಡಿಸುತ್ತಿದ್ದರು, ನಡುವೆ ಕಾಕಾ.

"ಬಾರವಾ ಇಂಜಿನಿಯರ!" ಎಂದರು ಹಸೀನಕ್ಕ. "ನಿಮ್ಮ ಮೇಸ್ತ್ರೀನ ಲಗೂ ಕರಕೊಂಡು ಹೋಗು. ತೊಟ್ಟು ಎಲ್ಲಾ ಒಂದ ಅಳತಿಗೆ ಮುರೀಬೇಕಂತ! ಬಂದ ಹೆಣ್ಣುಮಕ್ಕಳೆಲ್ಲಾ ಓಡಿಹೋಗಾಕತ್ತಾರ."

"ಕುಂದ್ರು ತಂಗಿ," ಎಂದರು ಕಾಕಾ, ತಲೆ ಎತ್ತದೆ.

ಕುಳಿತೆ. ಸುಮ್ಮನಿರಲಾಗದೆ ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ. "ಕಾಕಾ, ಹಾವೇರ್ಯಾಗ ಆ ಬೇರಿಂಗಿನ ಮ್ಯಾಲಿನ ಗುರ್ತು..." ಎಂದವಳು ಸೀನಿದೆ. ಮತ್ತೆ "ಆ ಗುರ್ತು..." ಎಂದು ಮತ್ತೆ ಸೀನಿದೆ. ಹೆಂಗಸರು ಸೆರಗು ಬಾಯಿಗೆ ಹಿಡಿದರು.

"ಮೊದಲ ಸೀನೂದು ಮುಗಸು. ಒಮ್ಮಿಗೆ ಒಂದ ಕೆಲಸ ಮಾಡು," ಎಂದರು ಕಾಕಾ.

ಹೊಂದಿಸಿಕೊಂಡ ವಾಕ್ಯ ಅಷ್ಟರಲ್ಲಿ ಚೆಲ್ಲಾಪಿಲ್ಲಿಯಾಗಿತ್ತು. "ಅದು ನಂದ್ರಿ ಕಾಕಾ," ಎಂದೆ. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬೇರಿಂಗನ್ನೂ ಉಕ್ಕಿನ ಗುಂಡನ್ನೂ ಚೀಲದಿಂದ ತೆಗೆದೆ.

ಅವರು ನೋಡಲೂ ಇಲ್ಲ. "ನಂಗ ಗೊತ್ತೈತಿ," ಎಂದರು. "ನೀ ಐದನೇತ್ತೆದಾಗ ಇದ್ದಿ. ಸಾಲಿ ಸೂಟ್ಯಾಗ ದಿನಾ ಶೆಡ್ಡಿಗೆ ಬರತಿದ್ದಿ. ನಿಮ್ಮಪ್ಪ ಹೊಸಾ ಅಳತಿ ಕಲ್ಲಿನ ಮ್ಯಾಲೆ ಉಕ್ಕಿನ ಪಟ್ಟಿ ಇಟ್ಟಿದ್ರು. ಅದರ ಮ್ಯಾಲೆ ಕೈ ಊರಿ ನಿಂತಿ. ಎರಡು ದಿನ ಬಿಟ್ಟು ನೋಡತೇನಿ, ಐದೂ ಬೆರಳು ತುಕ್ಕಾಗಿ ಮೂಡ್ಯಾವ. ನಿಮ್ಮಪ್ಪ ಬೈತಾರಂತ ತಿಕ್ಕಿ ತಗದೆ. ಅವತ್ತಿನಿಂದ ನೀ ಎದ್ದು ಹೋದ ಮ್ಯಾಲೆ ಎಣ್ಣಿ ಕೈ ತಗೋತೇನಿ."

ನಾನು ಮುಟ್ಟಿದ ಕತ್ತರಿಯವರೆಗೆ ಯಾಕೆ ಸವರುತ್ತಿದ್ದರೆಂದು ಆಗ ತಿಳಿಯಿತು. ಕಲಿತು ಬಂದ ಮೇಲೂ ನಾನು ಅಳೆದದ್ದಕ್ಕೆಲ್ಲ ಸಂಜೆ ಅವರ ಕೈ ಬೀಳುತ್ತಿತ್ತು. ಏಳನೆಯ ನಿಯಮ ಬರೆದ ದಿನ ಅದು ನಿಂತಿತು. ಅದಾದ ಮೇಲೆ ಹೋದ ಮೊದಲ ಜೋಡಿಯೇ ಹಾವೇರಿಯದು.

"ಒಂದು ಮಾತು ಹೇಳಬಾರದಿತ್ತೇನ್ರಿ ಕಾಕಾ?"

"ಹೆಂಗ ಹೇಳಲಿ? ಹೆಣ್ಣುಮಗಳು. ಕೈ ಬೆವರತಾವ ಅನ್ನೂದು ನಾಕು ಮಂದಿ ಮುಂದ ಹೇಳೂ ಮಾತೇನದು?" ಎರಡು ಕಾಯಿಯ ತೊಟ್ಟು ಮುರಿದು ರಾಶಿಗೆ ಹಾಕಿದರು. "ನಾಕು ಮಂದಿ ಮುಂದ," ಎಂದು ಮತ್ತೊಮ್ಮೆ, ಮೆಲ್ಲಗೆ, ತಮಗೇ ಹೇಳಿಕೊಂಡರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಕುಳಿತಿರಲು ಸುಲಭವಾಗುತ್ತಿತ್ತು.

ಆಮೇಲೆ ನನ್ನ ಅಂಗೈ ಕಡೆ ನೋಡಿ ನಕ್ಕುಬಿಟ್ಟರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಉಳಿದವರ ಬೆರಳ ತುದಿ ಮಾತ್ರ ಕೆಂಪಾಗಿದ್ದರೆ ನನ್ನದು ಮುಂಗೈವರೆಗೆ ಇಳಿದಿತ್ತು. "ಹಸೀನಾ, ಎಣ್ಣಿ ತಾ," ಎಂದು ಕೂಗಿದರು. ಹಸೀನಕ್ಕ ಕೊಬ್ಬರಿ ಎಣ್ಣೆ ತಂದು ನನ್ನ ಎರಡೂ ಅಂಗೈಗೆ ಸುರಿದು ತಿಕ್ಕಿದರು. ಕೈ ಎಳೆದುಕೊಳ್ಳಬೇಕೆಂದು ನನಗೆ ನೆನಪಾಗಲಿಲ್ಲ.

ಹೊರಡುವಾಗ ಕೇಳಿದೆ. "ಬರ್ತೀರಲ್ಲ ಕಾಕಾ?"

"ಕಾಯಿ ಮುಗೀಲಿ, ನೋಡೂಣು," ಎಂದರು. ರಾಶಿ ನನ್ನ ಸೊಂಟದ ಎತ್ತರಕ್ಕಿತ್ತು.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗಲಿಲ್ಲ. ಮೊದಲ ಬಸ್ಸು ಹಿಡಿದು ಹಾವೇರಿಗೆ ಹೋದೆ. ಸಾಹೇಬರು ಬರುವವರೆಗೆ ಕಾದು, ಸ್ಟೋರಿನವರನ್ನೂ ತಪಾಸಣೆಯ ಹುಡುಗಿಯನ್ನೂ ಕರೆಸಿರೆಂದು ಕೇಳಿಕೊಂಡೆ. ಏನಾದರೂ ದೊಡ್ಡದೇ ಕೆಟ್ಟಿತೇನೋ ಎಂಬ ಮುಖದಲ್ಲಿ ಬಂದು ನಿಂತರು. ಅದೇ ಮೇಜಿನ ಮೇಲೆ ಬೇರಿಂಗನ್ನೂ ಉಕ್ಕಿನ ಗುಂಡನ್ನೂ ಅಕ್ಕಪಕ್ಕ ಇಟ್ಟೆ.

"ಇದು ನನ್ನ ಹೆಬ್ಬೆರಳ್ರಿ. ನನ್ನ ಕೈ ಬೆವರತಾವ. ಅಂಕಿ ಬರಿಯೂ ಮುಂದ ಗ್ಲೌಸ್ ತಗದಿದ್ದೆ. ನಮ್ಮ ಮೇಸ್ತ್ರಿ ಇದನ್ನ ಮುಟ್ಟೇ ಇಲ್ಲ. ಅವರು ಮುಟ್ಟಿದ್ರ ಈ ಗುರ್ತು ಉಳೀತಿರಲಿಲ್ಲ."

ಸ್ಟೋರಿನವರು ಸೀಲಿಂಗು ನೋಡಿದರು. ಹುಡುಗಿ ಬಗ್ಗಿ ಎರಡೂ ಗುರುತನ್ನು ಹೋಲಿಸಿ ನೋಡಿದಳು. ಸಾಹೇಬರು ಬೇರಿಂಗನ್ನು ನನ್ನ ಕಡೆ ಸರಿಸಿ, "ಹಂಗಾರ ಹೊಸಾ ಜೋಡಿ ಯಾರು ಕೂಡಸ್ತಾರ್ರಿ ಮೇಡಂ?" ಎಂದು ಕೇಳಿದರು.

"ದಾವಲ ಕಾಕಾ. ನಾನು ಅಂಕಿ ಬರಕೋತೇನ್ರಿ. ಅವರು ಬರೂಮಟಾ ನೀವು ಕಾಯಬೇಕಾಗತೈತಿ."

"ಕಾಯೂಣ ತಗೋರಿ," ಎಂದು ಅವರು ಎದ್ದು, ರೂಢಿಯಂತೆ ಕೈ ಚಾಚಿದರು. ನಡುವೆಯೇ ನೆನಪಾಗಿ ಹಿಂದೆಗೆದುಕೊಳ್ಳುವವರಿದ್ದರು. ಅಷ್ಟರಲ್ಲಿ ನಾನು, ಸೀರೆಗೂ ಒರೆಸಿಕೊಳ್ಳದೆ, ಇನ್ನೂ ಕೆಂಪಗೇ ಇದ್ದ ನನ್ನ ಒದ್ದೆ ಕೈಯನ್ನು ಮುಂದೆ ನೀಡಿದೆ.